ಜುಂಜಮ್ಮನ ಹನ್ನೊಂದು

ನನ್ನ ವಾರಗಿತ್ತಿ ಜುಂಜಮ್ಮನಷ್ಟು ಪುಕ್ಕಲು ಹೆಂಗಸನ್ನು ನಾನು ಎಲ್ಲೂ ಕಂಡಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮೂರೂ ಸೀಮೆಯಲ್ಲಿ ಕುರಿ ಹಿಂದೆ ತಿರುಗಿ ಕಾಲು ಸವೆಸಿದವಳು ನಾನು, ಬಾಯಿಗೆ ಬಂದದ್ದನ್ನು ಹೇಳುತ್ತಿಲ್ಲ. ಒಲೆ ಆರಿಸಿ ಹೊರಗೆ ಬಂದರೆ ಮತ್ತೆ ಒಳಗೆ ಹೋಗಿ ಬೂದಿ ಕೆದಕಿ ನೋಡುವಳು. ಮಲಗಿದ ಕೂಸಿನ ಮೂಗಿಗೆ ಬೆರಳು ಹಿಡಿದು ಉಸಿರಿದೆಯೇ ಎಂದು ನೋಡುವಳು. ಕೂಸು ಎಚ್ಚರವಾಗಿ ಕಿರುಚಿಕೊಂಡರೆ ಆಗ ಅವಳಿಗೆ ಸಮಾಧಾನ. ಇಂಥವಳ ಜೊತೆ ಒಂದೇ ಗುಡಿಸಲಿನಲ್ಲಿ ಸಂಸಾರ ಮಾಡಿದ ನನ್ನ ತಾಳ್ಮೆಗೆ ಯಾರಾದರೂ ಒಂದು ಹಾರ ಹಾಕಬೇಕು.

ಅವಳು ಮದುವೆಯಾಗಿ ಐಮಂಗಲದ ಪಕ್ಕದ ನಮ್ಮ ಹಟ್ಟಿಗೆ ಬಂದದ್ದು ಸ್ವಾತಂತ್ರ್ಯ ಬಂದ ವರ್ಷ. ಗಂಡನ ಹೆಸರು ಓಬಣ್ಣ. ಓಬಣ್ಣನ ತಮ್ಮ ಪಾಪಣ್ಣ ನನ್ನ ಗಂಡ. ನಾನು ಸಿದ್ದಕ್ಕ, ಅವಳಾದ ಮೇಲೆ ಕೆಲವು ವರ್ಷ ಬಿಟ್ಟು ಬಂದವಳು. ಹಟ್ಟಿಯ ಮನೆಯವರೆಲ್ಲ ನಮ್ಮ ನಮ್ಮ ಕುರಿಗಳನ್ನು ಸೇರಿಸಿ ಒಂದೇ ದೊಡ್ಡ ಹಿಂಡು ಮಾಡಿ ಮೇಯಿಸುತ್ತಿದ್ದೆವು. ಹಿಂಡಿಗೆ ಯಜಮಾನ ನಮ್ಮ ಗಂಡಂದಿರ ದೊಡ್ಡಪ್ಪ ಸಣ್ಣತಿಮ್ಮಪ್ಪ. ಅವನು ಹೇಳಿದ ಮೇಲೆ ಮುಗಿಯಿತು, ಎದುರು ಮಾತಿಲ್ಲ.

ಹಿಂಡಿನಲ್ಲಿ ಕುರಿ ಎಷ್ಟಿವೆ ಎಂದು ನಮ್ಮಲ್ಲಿ ಯಾರೂ ಹೇಳುತ್ತಿರಲಿಲ್ಲ. ತಲೆ ಎಣಿಸಿ ಬಾಯಲ್ಲಿ ಸಂಖ್ಯೆ ಆಡಿದ ಹಿಂಡು ಅಲ್ಲಿಂದಲೇ ಕರಗುತ್ತಾ ಹೋಗುತ್ತದೆ ಎಂದು ಹಿರಿಯರು ಹೆದರಿಸಿದ್ದರು, ನಾವು ಹೆದರಿದ್ದೆವು. ಪಶುಗಣತಿಗೆ ಬಂದವನಿಗೂ ಹೇಳಲಿಲ್ಲ. ಅವನು ಬೇಸತ್ತು, ಕಣ್ಣಂದಾಜಿನಲ್ಲಿ ಸಾವಿರದ ಎಂಟುನೂರು ಚಿಲ್ಲರೆ ಎಂದು ಬರೆದುಕೊಂಡು ಹೋದ. ಆದರೆ ಎಣಿಸದೇ ಇದ್ದರೆ ತೋಳ ಒಂದನ್ನು ಎತ್ತಿಕೊಂಡು ಹೋದದ್ದು ತಿಳಿಯುವುದು ಹೇಗೆ? ಅದಕ್ಕೆ ಒಂದು ದಾರಿ ಇತ್ತು.

ಸಂಜೆ ಕುರಿಗಳನ್ನು ರೊಪ್ಪಕ್ಕೆ ಕೂಡುತ್ತೇವೆ. ರೊಪ್ಪ ಎಂದರೆ ಜಾಲಿಮುಳ್ಳು ಸುತ್ತಿದ ದೊಡ್ಡಿ, ಅದಕ್ಕೆ ಒಂದೇ ಕುರಿ ನುಸುಳುವಷ್ಟು ಕಿಂಡಿ. ಕಿಂಡಿಯ ಬಳಿ ಮೂವರು ಗಂಡಸರು ನಿಲ್ಲುವರು. ಒಂದೊಂದು ಕುರಿ ಒಳಗೆ ಹೋದಂತೆ ಒಬ್ಬ ಮೂರರ ತನಕ ಬೆರಳು ಮಡಿಸಿ, ಬಿಚ್ಚಿ, ಮತ್ತೆ ಒಂದರಿಂದ ಶುರು ಮಾಡುವನು. ಇನ್ನೊಬ್ಬ ಐದರ ತನಕ ಹೋಗಿ ಒಂದಕ್ಕೆ ಬರುವನು. ಮತ್ತೊಬ್ಬ ಏಳರ ತನಕ. ಎಷ್ಟು ಸುತ್ತು ಆಯಿತು ಎಂದು ಯಾರೂ ನೆನಪಿಡುವುದಿಲ್ಲ. ಕೊನೆಯ ಕುರಿ ಹೋದಾಗ ಅವರವರ ಕೈಯಲ್ಲಿ ಮಡಿಸಿ ಉಳಿದ ಬೆರಳೇ ಲೆಕ್ಕ. ನಾನು ಹೇಳಲಿರುವ ಮಳೆಗಾಲದಲ್ಲಿ ನಮ್ಮ ಹಿಂಡಿನ ಉಳಿಕೆ ಮೂರಕ್ಕೆ ಒಂದು, ಐದಕ್ಕೆ ಮೂರು, ಏಳಕ್ಕೆ ಎರಡು. ಮರುದಿನವೂ ಅದೇ ಒಂದು, ಮೂರು, ಎರಡು ಬಂದರೆ ಎಲ್ಲವೂ ಬಂದಿವೆ ಎಂದು ಕಿಂಡಿಗೆ ಬಿದಿರಿನ ತಟ್ಟಿ ಅಡ್ಡವಿಟ್ಟು ಮುಚ್ಚುವರು. ಒಂದೇ ಒಂದು ಕುರಿ ತಪ್ಪಿದರೂ ಮೂವರ ಕೈಯೂ ಕೆಡುತ್ತಿತ್ತು.

ಇದರಲ್ಲಿ ಸಣ್ಣತಿಮ್ಮಪ್ಪನಿಗೆ ಬಹಳ ಹೆಮ್ಮೆಯ ಒಂದು ಅಂಶ ಇತ್ತು. ಹುಲ್ಲಿಗಾಗಿಯೋ, ರೈತರ ಹೊಲದಲ್ಲಿ ಗೊಬ್ಬರಕ್ಕೆ ಕೂಡಲಿಕ್ಕೋ ಸ್ವಲ್ಪ ಕುರಿ ಬೇರೆ ಕಳಿಸಬೇಕಾದರೆ, ಮೂವರ ಕೈಯೂ ಒಂದೇ ಕುರಿಗೆ ಒಟ್ಟಿಗೆ ತುಂಬುವ ತನಕ ಕುರಿ ಬಿಡಿಸುವರು. ಮೂರರವನದೂ ಮುಗಿಯಬೇಕು, ಐದರವನದೂ ಮುಗಿಯಬೇಕು, ಏಳರವನದೂ ಮುಗಿಯಬೇಕು. ಆ ಗುಂಪಿಗೆ ತುಂಬುಗೈ ಎಂದು ಹೆಸರು. ತುಂಬುಗೈ ಹೊರಗೆ ಹೋದರೂ ಹಿಂಡಿನ ಉಳಿಕೆ ಬದಲಾಗುವುದಿಲ್ಲ, ಬಂದು ಸೇರಿದರೂ ಬದಲಾಗುವುದಿಲ್ಲ. ಹೊಸ ಉಳಿಕೆ ನೆನಪಿಡುವ ತಾಪತ್ರಯ ಇಲ್ಲ. ಇದನ್ನು ಅವನು ಬೀಗರ ಮುಂದೆಲ್ಲ ಮೀಸೆ ತಿರುವಿಕೊಂಡು ಹೇಳುತ್ತಿದ್ದ. ಆ ಗುಣದ ಇನ್ನೊಂದು ಮಗ್ಗುಲನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ.

ಜುಂಜಮ್ಮ ಕಿಂಡಿಯ ತಟ್ಟಿ ಹಿಡಿದು ನಿಲ್ಲುವವಳು. ಮೂವರು ಗಂಡಸರು ಎಣಿಸುತ್ತಿದ್ದರೂ ಇವಳಿಗೆ ನಂಬಿಕೆ ಇಲ್ಲ. ತಾನೂ ಒಂದು ಎಣಿಕೆ ಇಟ್ಟುಕೊಂಡಿದ್ದಳು. ಎರಡೂ ಕೈಯ ಹತ್ತು ಬೆರಳು ಮಡಿಸಿ, ಹನ್ನೊಂದನೆಯ ಕುರಿಗೆ ಕೊರಳ ತಾಳಿ ಮುಟ್ಟಿಕೊಂಡು, ಮತ್ತೆ ಮೊದಲ ಬೆರಳಿಗೆ ಬರುವಳು. ಯಾರೂ ಹೇಳಿಕೊಟ್ಟದ್ದಲ್ಲ, ಹೆದರಿಕೆಗೆ ತಾನೇ ಹುಟ್ಟಿಸಿಕೊಂಡದ್ದು. ಹನ್ನೊಂದಕ್ಕೆ ಆರು ಎಂದು ದಿನಾ ನನ್ನ ಕಿವಿಯಲ್ಲಿ ಪಿಸುಗುಟ್ಟುವಳು. ಒಂದು ಸಲ ತುಂಬುಗೈ ಹೊರಗಿದ್ದ ದಿನ ಅವಳ ಮುಖ ಬಿಳಿಚಿಕೊಂಡಿತು. ಕೊನೆಯ ಕುರಿಗೆ ಅವಳ ಕೈ ನೇರ ತಾಳಿಯ ಮೇಲೆ ಬಂದು ನಿಂತಿತ್ತಂತೆ, ಬೆರಳಲ್ಲಿ ಏನೂ ಉಳಿದಿರಲಿಲ್ಲವಂತೆ. ಅಪಶಕುನ ಎಂದು ನಡುಗಿದಳು. ತುಂಬುಗೈ ವಾಪಸು ಬಂದ ಸಂಜೆ ಮತ್ತೆ ಆರು ಬಂತು. ನಾನು ನಕ್ಕು ನಕ್ಕು ಸಾಕಾಗಿ, ಕುರಿ ಎಣಿಸ್ತೀಯೋ ಗಂಡನ್ನ ಎಣಿಸ್ತೀಯೋ ಎಂದು ಕೇಳಿದ್ದೆ.

ಆ ಮಳೆಗಾಲ ನಾವು ಹೊಸದುರ್ಗದ ಕಡೆ ಮಾರಿಕಣಿವೆ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಬಿಡಾರ ಹಾಕಿದ್ದೆವು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ತೆರೆದುಕೊಂಡ ನೆಲದಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಆ ಹುಲ್ಲಿನ ನಡುವೆ ಒಂದು ದಿಬ್ಬ. ಓಬಣ್ಣ ಬೆಳಿಗ್ಗೆ ಒಂದು ತುಂಬುಗೈ ಬಿಡಿಸಿಕೊಂಡು ಆ ದಿಬ್ಬಕ್ಕೆ ಹೋದ. ಮಧ್ಯಾಹ್ನದಿಂದ ಜಡಿಮಳೆ ಹಿಡಿಯಿತು. ನಮ್ಮಲ್ಲಿ ಬಿದ್ದ ಮಳೆ ಅಷ್ಟೇನಲ್ಲ, ಮೇಲೆ ಬೆಟ್ಟದ ಕಡೆ ಬಿದ್ದದ್ದು ವೇದಾವತಿಯಲ್ಲಿ ಇಳಿದು ಬರುತ್ತಿತ್ತು. ಅದು ನಮಗೆ ಗೊತ್ತಿರಲಿಲ್ಲ.

ಹೊತ್ತು ಮುಳುಗುವ ಮೊದಲೇ ಕುರಿ ಕೂಡಿದೆವು. ಮಳೆಗೆ ಚೆದುರಿದ್ದ ಕುರಿಗಳು ಎಲ್ಲ ದಿಕ್ಕಿನಿಂದ ನುಗ್ಗಿ ಬಂದವು. ಕೆಸರು ಮೆತ್ತಿ, ಉಣ್ಣೆ ತೊಯ್ದು, ಕರಿದು ಯಾವುದು ಕೆಂದ ಯಾವುದು ಎಂದೇ ತಿಳಿಯುತ್ತಿರಲಿಲ್ಲ. ಸಣ್ಣತಿಮ್ಮಪ್ಪ ಮೂರು ಹಿಡಿದ, ಅವನ ಅಳಿಯ ನಾಗಣ್ಣ ಐದು ಹಿಡಿದ, ನನ್ನ ಗಂಡ ಏಳು. ಕೊನೆಯ ಕುರಿ ಹೋಯಿತು. ಒಂದು, ಮೂರು, ಎರಡು. ಎಲ್ಲ ಬಂದವು, ತಟ್ಟಿ ಹಾಕ್ರಿ ಎಂದ ಸಣ್ಣತಿಮ್ಮಪ್ಪ.

ಜುಂಜಮ್ಮ ತಟ್ಟಿ ಹಾಕಲಿಲ್ಲ. ಅವಳ ಬಲಗೈ ತಾಳಿ ಹಿಡಿದುಕೊಂಡು ಹಾಗೇ ನಿಂತಿತ್ತು. ನನ್ನ ಕಡೆ ನೋಡಿದಳು. ಆ ಕಣ್ಣು ನೋಡಿ ತಮಾಷೆ ಮಾಡಲು ಬಾಯಿ ಬರಲಿಲ್ಲ.

ತುಂಬುಗೈ ಬಂದಿಲ್ಲ ಮಾವ, ಅವರು ಇನ್ನೂ ಅಲ್ಲೇ ಅವ್ರೆ ಎಂದಳು. ಸಣ್ಣತಿಮ್ಮಪ್ಪನಿಗೆ ಸಿಟ್ಟು ಬಂತು. ಮೂರು ಗಂಡಸರ ಕೈ ಸುಳ್ಳೋ, ನಿನ್ನೊಬ್ಬಳ ಕೈ ಸುಳ್ಳೋ ಎಂದು ಕೇಳಿದ. ಹಾಗಾದರೆ ತನ್ನ ಗಂಡ ಎಲ್ಲಿ ಎಂದು ಅವಳು ಕೇಳಿದಳು. ಕುರಿಗಳನ್ನು ಹಿಂಡಿಗೆ ಸೇರಿಸಿ ಹಾಲುರಾಮೇಶ್ವರಕ್ಕೆ ಹೋಗಿರುತ್ತಾನೆ ಎಂದರು ಎಲ್ಲರೂ. ಅದು ಸುಳ್ಳೆನ್ನುವಂತಿರಲಿಲ್ಲ. ದೇವಸ್ಥಾನಕ್ಕೆ ಬರುವ ಯಾತ್ರಿಕರನ್ನು ನೋಡುವುದು, ಅವರ ಜೊತೆ ಹರಟುವುದು ಓಬಣ್ಣನಿಗೆ ಹುಚ್ಚು. ಇನ್ನೊಂದು ಸಲ ಎಣಿಸ್ರಿ ಎಂದು ಜುಂಜಮ್ಮ ಬೇಡಿಕೊಂಡಳು. ಒಂದೇ ಸಂಜೆ ಎರಡು ಸಲ ಎಣಿಸುವುದು ನಮ್ಮಲ್ಲಿ ನಿಷಿದ್ಧ. ಸಣ್ಣತಿಮ್ಮಪ್ಪ ಕಂಬಳಿ ಕೊಡವಿಕೊಂಡು ಬೆಂಕಿಯ ಕಡೆ ಹೋದ. ಲೆಕ್ಕ ಸರಿ ಬಂದಿರುವಾಗ ಹುಡುಕಲು ಯಾರು ಹೋಗುತ್ತಾರೆ?

ಅವಳು ಸೀರೆ ಎತ್ತಿ ಕಟ್ಟಿದಳು. ಹಿನ್ನೀರಿನ ಕಡೆ ನಡೆದಳು. ಕೊಡ ತುಂಬಲಿಕ್ಕೂ ನೀರಿನ ಅಂಚಿಗೆ ಹೋಗಲು ಹೆದರುವ ಹೆಂಗಸು ಅವಳು, ನನ್ನನ್ನೇ ಕಳಿಸುತ್ತಿದ್ದಳು. ಅವಳಿಗೆ ಏನಾದರೂ ಆದರೆ ಎಂದು ಹೆದರಿ ನಾನು ಹಿಂದೆ ಓಡಿದೆ. ನಮ್ಮಿಬ್ಬರನ್ನೂ ಬೈಯುತ್ತಾ ಪಾಪಣ್ಣ ನಮ್ಮ ಹಿಂದೆ ಬಂದ.

ಬೆಳಿಗ್ಗೆ ಹುಲ್ಲಿದ್ದ ಕಡೆ ನೀರು ನಿಂತಿತ್ತು. ಸದ್ದಿಲ್ಲ, ಅಲೆಯಿಲ್ಲ, ಸುಮ್ಮನೆ ಹರಡಿಕೊಂಡು ಬರುತ್ತಿತ್ತು. ನಾವು ನಿಂತ ಕಲ್ಲಿನ ಬುಡ ನೋಡನೋಡುತ್ತಿದ್ದಂತೆ ಒದ್ದೆಯಾಯಿತು. ನನಗೆ ಹೊಳೆಯ ಅಬ್ಬರಕ್ಕಿಂತ ಆ ಸದ್ದಿಲ್ಲದ ನೀರೇ ಹೆಚ್ಚು ಭಯ ಹುಟ್ಟಿಸಿತು. ದೂರದಲ್ಲಿ ದಿಬ್ಬ ಕಂಡಿತು, ಬೆಳಿಗ್ಗೆ ಕಂಡಿದ್ದರ ಕಾಲು ಭಾಗವೂ ಇರಲಿಲ್ಲ. ಅದರ ತುಂಬ ಕುರಿ, ಒಂದಕ್ಕೊಂದು ಒತ್ತಿಕೊಂಡು. ನಡುವೆ ತಲೆಯ ಮೇಲೆ ಕಂಬಳಿ ಹೊದ್ದು ಒಬ್ಬ ಮನುಷ್ಯ ನಿಂತಿದ್ದ.

ಪಾಪಣ್ಣನ ಬೈಗುಳ ಅಲ್ಲೇ ನಿಂತುಹೋಯಿತು. ಅಣ್ಣಾ ಎಂದು ಒಂದು ಸಲ ಕೂಗಿದವನೇ ದಂಡೆಯಲ್ಲಿದ್ದ ಮೀನುಗಾರರ ಗುಡಿಸಲುಗಳ ಕಡೆ ಓಡಿದ. ನಮ್ಮ ಗಂಡಸರಿಗೆ ಯಾರಿಗೂ ಈಜು ಬರುವುದಿಲ್ಲ, ಕುರಿಯವರು ನೆಲದವರು. ಅವನು ಹರಿಗೋಲು ತರುವ ತನಕ ನಾವಿಬ್ಬರೂ ನಿಂತೇ ಇದ್ದೆವು. ದಿಬ್ಬದ ಅಂಚಿನಲ್ಲಿ ಒಂದು ಕಳ್ಳಿ ಗಿಡ ಇತ್ತು. ಅದರ ಬುಡ ಮುಳುಗಿತು. ಆಮೇಲೆ ನೋಡಿದರೆ ಗಿಡವೇ ಇರಲಿಲ್ಲ. ಜುಂಜಮ್ಮ ಅಳುತ್ತಿರಲಿಲ್ಲ. ಅವಳ ಬೆರಳುಗಳು ಮಾತ್ರ ತಮ್ಮಷ್ಟಕ್ಕೆ ಮಡಿಸಿಕೊಂಡು ಬಿಚ್ಚಿಕೊಂಡು ಹೋಗುತ್ತಿದ್ದವು, ನಡುನಡುವೆ ಕೊರಳಿಗೆ ಹೋಗಿ ಬರುತ್ತಿದ್ದವು. ನಾನು ಆ ಕೈ ಹಿಡಿದುಕೊಂಡೆ. ತಣ್ಣಗಿತ್ತು.

ಹರಿಗೋಲು ಬಂತು. ಮೀನುಗಾರ ಒಬ್ಬನೇ ಹುಟ್ಟು ಹಾಕಿಕೊಂಡು ದಿಬ್ಬಕ್ಕೆ ಹೋದ. ಆಮೇಲೆ ನಡೆದದ್ದನ್ನು ನಂಬುತ್ತೀರೋ ಇಲ್ಲವೋ, ನಮ್ಮ ಓಬಣ್ಣ ಹತ್ತಲಿಲ್ಲ. ಮೊದಲು ಕುರಿ ಒಯ್ಯಿ ಎಂದು ಹಟ ಹಿಡಿದ. ಆ ಬುಟ್ಟಿಯಂಥ ದೋಣಿಯಲ್ಲಿ ಎಷ್ಟು ಕುರಿ ಹಿಡಿಯುತ್ತವೆ, ಎಷ್ಟು ಸಲ ಹೋಗಿ ಬರುವುದು. ಮೀನುಗಾರ ಕೈ ಮುಗಿದ, ಬೈದ, ಹೊತ್ತು ಹೋಗ್ತೈತೆ ಎಂದು ಕೂಗಿದ. ಅಷ್ಟರಲ್ಲಿ ಸಣ್ಣತಿಮ್ಮಪ್ಪನೂ ಉಳಿದವರೂ ಓಡೋಡಿ ದಂಡೆಗೆ ಬಂದಿದ್ದರು. ಅವರನ್ನು ಕಂಡ ಮೇಲಂತೂ ಓಬಣ್ಣ ಇನ್ನಷ್ಟು ಗಟ್ಟಿಯಾದ. ಹತ್ತು ಮನೆಯ ಕುರಿ ನೀರಿಗೆ ಬಿಟ್ಟು ತಾನು ಬದುಕಿ ಬಂದವನು ಎಂದು ನಾಳೆ ಹಟ್ಟಿಯಲ್ಲಿ ತಲೆ ಎತ್ತುವುದು ಹೇಗೆ ಎಂಬುದು ಅವನ ಚಿಂತೆ. ನೀರು ಅವನ ಮೊಣಕಾಲಿಗೆ ಬಂದಿತ್ತು.

ಜುಂಜಮ್ಮ ನನ್ನ ಕೈ ಬಿಡಿಸಿಕೊಂಡು ನೀರಿಗೆ ಇಳಿದಳು. ಸೊಂಟದ ತನಕ ಇಳಿದು ನಿಂತು ಕೂಗಿದಳು. ಗಂಡನನ್ನು ಏಕವಚನದಲ್ಲಿ ಅವಳು ಕರೆದದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

"ಕುರಿ ಬಿಟ್ಟು ಬಾರೋ. ತುಂಬುಗೈ ಹೋದ್ರೆ ಇವರ ಯಾರ ಕೈಗೂ ಗೊತ್ತಾಗಲ್ಲ. ನೀನು ಹೋದ್ರೆ ನನ್ನ ಕೈಗೆ ದಿನಾ ಗೊತ್ತಾಗ್ತೈತೆ."

ಓಬಣ್ಣ ಕಂಬಳಿ ತೆಗೆದು ಹತ್ತಿರದ ಕುರಿಗಳ ಮೇಲೆ ಹೊದಿಸಿ, ಬರಿಗೈಯಲ್ಲಿ ಹರಿಗೋಲು ಹತ್ತಿದ. ಅವನು ದಂಡೆ ಮುಟ್ಟುವ ಹೊತ್ತಿಗೆ ದಿಬ್ಬದ ಮೇಲಿನ ಕೂಗು ಜೋರಾಗಿತ್ತು. ನಾವು ಯಾರೂ ತಿರುಗಿ ನೋಡಲಿಲ್ಲ. ಕಿವಿ ಮುಚ್ಚಿಕೊಂಡು ಬಿಡಾರಕ್ಕೆ ನಡೆದೆವು. ಒಂದೇ ಒಂದು ಕುರಿಯೂ ದಡ ಹತ್ತಲಿಲ್ಲ.

ಮರುದಿನ ಸಂಜೆಯ ಎಣಿಕೆಯನ್ನು ನೆನೆದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ. ಅಷ್ಟು ಜೀವ ಹೋಗಿದ್ದವು. ಕಣ್ಣಾರೆ ಕಂಡಿದ್ದೆವು, ಕಿವಿಯಾರೆ ಕೇಳಿದ್ದೆವು. ಆದರೂ ಕೊನೆಯ ಕುರಿ ಕಿಂಡಿ ದಾಟಿದಾಗ ಸಣ್ಣತಿಮ್ಮಪ್ಪನ ಕೈಯಲ್ಲಿ ಒಂದು ಬೆರಳು, ನಾಗಣ್ಣನ ಕೈಯಲ್ಲಿ ಮೂರು, ಪಾಪಣ್ಣನ ಕೈಯಲ್ಲಿ ಎರಡು. ಏನೂ ಆಗಿಯೇ ಇಲ್ಲ ಎನ್ನುವಂತೆ. ಮುದುಕ ತನ್ನ ಕೈಯನ್ನೇ ದಿಟ್ಟಿಸಿ ನೋಡಿ ನೆಲಕ್ಕೆ ಕುಸಿದು ಕೂತ. ಅವನ ತಂದೆ, ತಾತ ಎಲ್ಲರೂ ನಂಬಿದ್ದ ಕೈ ಅದು. ತಲೆ ಎತ್ತಿ, ನಿಂದೆಷ್ಟವ್ವ ಎಂದು ಜುಂಜಮ್ಮನನ್ನು ಕೇಳಿದ. ಒಂದೂ ಇಲ್ಲ ಮಾವ ಎಂದಳು. ಅವಳ ಕೈ ತಾಳಿಯ ಮೇಲಿತ್ತು. ಅಂದಿನಿಂದ ಕಿಂಡಿಯಲ್ಲಿ ನಾಲ್ಕು ಜನ ನಿಲ್ಲುವುದು ವಾಡಿಕೆಯಾಯಿತು.

ಹೋದ ಕುರಿಗಳಿಗಾಗಿ ಓಬಣ್ಣನನ್ನು ಹಟ್ಟಿಯಲ್ಲಿ ಯಾರೂ ಒಂದು ಮಾತು ಆಡಲಿಲ್ಲ. ಮರುವರ್ಷ ಅವರಿಗೆ ಮಗಳು ಹುಟ್ಟಿದಳು, ಪಾರ್ವತಮ್ಮ. ಚೆನ್ನಾಗಿ ಓದಿ ಚಿತ್ರದುರ್ಗದಲ್ಲಿ ಲೆಕ್ಕದ ಮೇಷ್ಟ್ರಾದಳು. ಒಂದು ರಜೆಯಲ್ಲಿ ಬಂದಾಗ ಈ ಕಥೆ ಕೇಳಿ, ಕಡ್ಡಿಯಲ್ಲಿ ಮಣ್ಣಿನ ಮೇಲೆ ಗೀಚತೊಡಗಿದಳು. ಮೂರನ್ನು ಐದರಿಂದಲೂ ಏಳರಿಂದಲೂ ಗುಣಿಸಿದರೆ ನೂರೈದು, ಅದೇ ನಿಮ್ಮ ತುಂಬುಗೈ ಎಂದಳು. ಒಂದು, ಮೂರು, ಎರಡು ಉಳಿಯುವ ಸಂಖ್ಯೆಗಳು ಒಂದೇ ಜಾತಿ. ಐವತ್ತೆಂಟರಿಂದ ಶುರುವಾಗಿ ನೂರೈದು ನೂರೈದು ದೂರಕ್ಕೆ ಒಂದೊಂದು ಬರುತ್ತಾ ಹೋಗುತ್ತವೆ. ಆ ಮೂರು ಕೈಗೆ ಅವುಗಳಲ್ಲಿ ಭೇದವೇ ಕಾಣುವುದಿಲ್ಲ. ಆ ವರ್ಷದ ಗಣತಿಯವನ ಅಂದಾಜಿಗೆ ಹತ್ತಿರ ಇರುವುದು ಸಾವಿರದ ಎಂಟುನೂರ ನಲವತ್ಮೂರು, ನಿಮ್ಮ ಹಿಂಡು ಅಷ್ಟಿತ್ತು ಎಂದಳು. ಜುಂಜಮ್ಮ ಗಾಬರಿಯಿಂದ ಮಗಳ ಬಾಯಿ ಮುಚ್ಚಿದಳು. ಪಾರ್ವತಮ್ಮ ಕೈ ಸರಿಸಿ, ಅದು ಆಗಿಹೋದ ಸಂಖ್ಯೆ ಕಣವ್ವ ಎಂದಳು. ಅದು ಹತ್ತೊಂಬತ್ತು ಮತ್ತು ತೊಂಬತ್ತೇಳಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಸರಿಯಾಗಿ ಒಡೆಯುವುದಿಲ್ಲವಂತೆ. ನೂರೈದು ಮುಳುಗಿದ ಮೇಲೆ ಉಳಿದದ್ದು ಸಾವಿರದ ಏಳುನೂರ ಮೂವತ್ತೆಂಟು. ಅದು ಹನ್ನೊಂದಕ್ಕೆ ಸರಿಯಾಗಿ ಒಡೆಯುತ್ತದೆ, ಅದಕ್ಕೇ ನಿನ್ನ ಕೈ ತಾಳಿಗೆ ಬಂತು ಎಂದಳು.

ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಜುಂಜಮ್ಮ ಮಾತ್ರ ಅಲ್ಲಿಗೆ ಬಿಡಲಿಲ್ಲ. ಹನ್ನೊಂದು ಸೇರಿದ ಮೇಲೆ ಇನ್ನು ಮೋಸ ಇಲ್ಲ ತಾನೇ ಎಂದು ಕೇಳಿದಳು. ಇದೆ ಎಂದಳು ಮಗಳು, ಸಾವಿರದ ನೂರೈವತ್ತೈದು ಒಟ್ಟಿಗೆ ಹೋದರೆ ನಾಲ್ಕು ಕೈಗೂ ತಿಳಿಯುವುದಿಲ್ಲ. ಹದಿಮೂರನ್ನೂ ಸೇರಿಸಿದರೆ? ಆಗ ಹದಿನೈದು ಸಾವಿರದ ಹದಿನೈದು ಹೋದರೆ ತಿಳಿಯುವುದಿಲ್ಲ. ಎಷ್ಟು ಕೈ ಸೇರಿಸಿದರೂ ಅವೆಲ್ಲಕ್ಕೂ ಕಾಣದ ಒಂದು ದೊಡ್ಡ ಸಂಖ್ಯೆ ಇದ್ದೇ ಇರುತ್ತದಂತೆ. ಅಷ್ಟು ಕುರಿ ನಮ್ಮಲ್ಲಿ ಇಲ್ಲವಲ್ಲ ಎಂದು ಮಗಳು ನಕ್ಕಳು. ತಾಯಿ ನಗಲಿಲ್ಲ. ಹಂಗಾದ್ರೆ ಹೆದರೋದು ಮುಗಿಯೋದೇ ಇಲ್ಲ ಎಂದು ಎದ್ದು ಹೋಗಿ, ಒಲೆಯ ಬೂದಿ ಕೆದಕಿ ನೋಡಿದಳು.

ಓಬಣ್ಣ ನೀರಲ್ಲಿ ಹೋಗಲಿಲ್ಲ. ಮೊಮ್ಮಗನನ್ನು ಆಡಿಸಿ, ಹಟ್ಟಿಯಲ್ಲೇ ಜ್ವರ ಬಂದು ಮಲಗಿ, ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಹೋದ. ಜುಂಜಮ್ಮನ ಕೊರಳ ತಾಳಿ ತೆಗೆದರು. ಕಾರ್ಯವೆಲ್ಲ ಮುಗಿದ ಮೇಲೆ ಅವಳು ಎಂದಿನಂತೆ ಬಂದು ಕಿಂಡಿಯಲ್ಲಿ ನಿಂತಳು. ಬೇಡ ಎಂದು ಯಾರೂ ಹೇಳಲಿಲ್ಲ. ಕುರಿ ಬರತೊಡಗಿದವು. ಹತ್ತು ಬೆರಳು ಮಡಿಸಿದಳು. ಹನ್ನೊಂದನೆಯ ಕುರಿಗೆ ಕೈ ಕೊರಳಿಗೆ ಹೋಯಿತು. ಅಲ್ಲೇ ತಡವರಿಸಿತು, ಎದೆಯ ಮೇಲೆ ಅತ್ತಿತ್ತ ಹುಡುಕಿತು. ಕುರಿಗಳು ನುಗ್ಗಿ ಹೋಗುತ್ತಲೇ ಇದ್ದವು. ಅವಳಿಗೆ ಲೆಕ್ಕ ತಪ್ಪಿಹೋಯಿತು.

"ಸಿದ್ದಿ, ನನ್ನ ಕೈ ಹತ್ತಕ್ಕೇ ನಿಂತೋಗ್ತೈತೆ ಕಣೇ," ಎಂದಳು. "ಇನ್ನ ನೀನು ನಿಲ್ಲು. ನಿನ್ನ ಕೊರಳಾಗೆ ಐತೆ."

ಅಂದಿನಿಂದ ನಾನು ನಿಂತೆ. ಒಂದು ಸಂಜೆಯದನ್ನು ಹೇಳಿ ಮುಗಿಸುತ್ತೇನೆ. ಪಾಪಣ್ಣ ಬೆಳಿಗ್ಗೆಯೇ ಬಿ.ದುರ್ಗದ ಕಡೆಯ ಹೊಲಗಳಿಗೆ ಒಂದು ತುಂಬುಗೈ ಹೊಡೆದುಕೊಂಡು ಹೋಗಿದ್ದ. ಸಂಜೆ ಬರುವೆನೆಂದಿದ್ದ. ಹಿಂಡು ಬಂತು, ಅದರೊಳಗೆ ಅವನ ಕುರಿಗಳು ಸೇರಿವೆಯೋ ಇಲ್ಲವೋ ಕಣ್ಣಿಗೆ ತಿಳಿಯಲಿಲ್ಲ. ಅವನೂ ಕಾಣಲಿಲ್ಲ. ಆಗ ನಮ್ಮ ಹಿಂಡು ಚಿಕ್ಕದಾಗಿತ್ತು, ನನ್ನ ಹನ್ನೊಂದಕ್ಕೆ ನಾಲ್ಕು ಉಳಿಯಬೇಕಿತ್ತು. ಎಣಿಸತೊಡಗಿದೆ. ಹತ್ತು ಬೆರಳು, ತಾಳಿ. ಹತ್ತು ಬೆರಳು, ತಾಳಿ. ಪ್ರತಿ ಸಲ ಅದನ್ನು ಮುಟ್ಟಿದಾಗಲೂ, ಇದೇ ಕೊನೆಯ ಕುರಿಯಾಗಿಬಿಟ್ಟರೆ ಎಂದು ನಾಲಿಗೆ ಒಣಗುತ್ತಿತ್ತು. ಇದನ್ನು ಈ ಹೆಂಗಸು ಇಷ್ಟು ವರ್ಷ ದಿನಾ ಹೇಗೆ ತಡೆದುಕೊಂಡಳೋ ನಾನು ಕಾಣೆ.

ಕೊನೆಯ ಕುರಿ ಒಳಗೆ ಹೋಯಿತು. ನಾಲ್ಕು ಎಂದೆ. ಪಕ್ಕದಲ್ಲಿ ಕಲ್ಲಿನ ಮೇಲೆ ಕೂತಿದ್ದ ಜುಂಜಮ್ಮ, ಸರಿಯಾಗಿ ನೋಡಿದೆಯಾ ಎಂದು ಕೇಳಿದಳು. ಬೇರೆ ದಿನವಾಗಿದ್ದರೆ ನನ್ನ ಬಾಯಿಂದ ಏನು ಬರುತ್ತಿತ್ತೋ. ಅಂದು ಸುಮ್ಮನೆ ಕೈ ಕೆಳಗೆ ಮಾಡಿ ಮತ್ತೊಮ್ಮೆ ನೋಡಿಕೊಂಡೆ. ನಾಲ್ಕೇ ಇತ್ತು. ಅವಳು ಎದ್ದು ಬಂದು ನನ್ನ ಪಕ್ಕ ನಿಂತಳು. ಪಾಪಣ್ಣ ಬೀಡಿ ಸೇದುತ್ತಾ ದಿಣ್ಣೆ ಇಳಿದು ಬರುವುದು ಕಣ್ಣಿಗೆ ಬೀಳುವ ತನಕ ನಾನು ಆ ನಾಲ್ಕು ಬೆರಳು ಬಿಚ್ಚಲಿಲ್ಲ.